ಸೋಂಪಿಲ್ಲದ ಕೋಳಿ

ಎರಡನೆಯ ತುಂಡನ್ನು ಬಾಯಿಗಿಟ್ಟಾಗ ಗೋಡೆ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ನಾಲ್ಕಕ್ಕೆ ಠಾಣೆಯಿಂದ ಜನ ಬರುವವರಿದ್ದರು. ಬಂದವರು ಪುಡಿಯಕ್ಕನನ್ನು ಕರೆದುಕೊಂಡು ಹೋಗುವವರಿದ್ದರು. ಅಷ್ಟರೊಳಗೆ ಕದ್ದವರು ಬೇರೆ ಯಾರೋ ಎಂದು ತೋರಿಸಲು ನನ್ನ ಹತ್ತಿರ ಇದ್ದದ್ದು ಈ ನಾಲಿಗೆಯೊಂದೇ.

ಎಡದ ತಟ್ಟೆಯಲ್ಲಿ ನಾನು ಕುಳಿತಿದ್ದ ಅಂಗಡಿಯದೇ ಕರಿದ ಕೋಳಿ. ಬಲದ ತಟ್ಟೆಯಲ್ಲಿ ರಸ್ತೆಯಾಚೆ ಮೂರು ವಾರದ ಹಿಂದೆ ಬಾಗಿಲು ತೆರೆದ ಎದುರಂಗಡಿಯದು. ಎರಡರ ರುಚಿಯೂ ಒಂದೇ ಎಂದು ಊರೆಲ್ಲ ಮಾತಾಡುತ್ತಿತ್ತು. ಮೂವತ್ತೊಂದು ವರ್ಷದಿಂದ ತಿಜೋರಿಯಲ್ಲಿದ್ದ ಮಸಾಲೆಯ ಗುಟ್ಟು ರಸ್ತೆ ದಾಟಿದ್ದು ಹೇಗೆ? ಮಸಾಲೆ ಕಲಸುವವಳು ಪುಡಿಯಕ್ಕ ಒಬ್ಬಳೇ, ಹಾಗಾಗಿ ಕಳ್ಳಿಯೂ ಅವಳೇ ಎಂದು ಚಿಕ್ಕ ಯಜಮಾನರು ತೀರ್ಮಾನಿಸಿ ಆಗಿತ್ತು. ನನ್ನನ್ನು ಕರೆಸಿದ್ದು ಆ ತೀರ್ಮಾನದ ಕೆಳಗೆ ಒಂದು ಸಹಿ ಹಾಕಿಸಿಕೊಳ್ಳಲು.

ಇಪ್ಪತ್ತೆರಡು ವರ್ಷ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ, ಜನ ತಿನ್ನುವುದನ್ನೆಲ್ಲ ಅವರಿಗಿಂತ ಮೊದಲು ತಿಂದು ನನ್ನ ಹೊಟ್ಟೆ ಕೆಟ್ಟು ಕೂತಿದೆ. ಕರಿದದ್ದನ್ನು ಮುಟ್ಟಬಾರದೆಂದು ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟಿದ್ದಾರೆ. ಪತ್ತೇದಾರನಾದರೆ ಹೊಟ್ಟೆಗಾದರೂ ಬಿಡುವು ಸಿಕ್ಕೀತು ಎಂದುಕೊಂಡು ಈ ಕೆಲಸ ಹಿಡಿದೆ. ಮೊದಲ ದೊಡ್ಡ ಕೇಸೇ ಕರಿದ ಕೋಳಿಯದ್ದು ಸಿಕ್ಕಿತು.

ನುಂಗಿದೆ. ಎದೆಯ ಕೆಳಗೆ ಚುರುಕ್ ಎಂದಿತು.

"ನೀರು ಕುಡೀರಿ ಸಾರ್" ಎಂದು ಪುಡಿಯಕ್ಕ ಶುಂಠಿ ಹಾಕಿದ ಬಿಸಿನೀರಿನ ಲೋಟವನ್ನು ನನ್ನ ಕಡೆ ಸರಿಸಿದಳು. ಬೆಳಿಗ್ಗೆಯಿಂದ ಇದು ನಾಲ್ಕನೆಯ ಲೋಟ. ಆ ಅಂಗಡಿಯಲ್ಲಿ ನನ್ನ ಹೊಟ್ಟೆಯ ಪಾಡು ಗಮನಿಸಿದವಳು ಅವಳೊಬ್ಬಳೇ.

ಕಿಟಕಿಯಿಲ್ಲದ ಪುಟ್ಟ ಕೋಣೆ ಅದು. ಒಂದು ಗಾಳಿ ಹೊರದೂಡುವ ಫ್ಯಾನು, ಹಿಟ್ಟಿನ ಎರಡು ಬೋಗುಣಿ, ಗೋಡೆಯುದ್ದಕ್ಕೂ ಹೆಸರು ಬರೆಯದ ಡಬ್ಬಗಳು. ಯಾವುದರಲ್ಲಿ ಏನಿದೆ ಎಂಬುದು ಪುಡಿಯಕ್ಕನ ಕೈಗಷ್ಟೇ ಗೊತ್ತು. ಐವತ್ತೆಂಟು ವರ್ಷದ ಆಕೆ ಒಂದೇ ಸಮನೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಠಾಣೆಗೆ ಹೋಗುವ ಮೊದಲು ನಾಳೆಯ ಪುಡಿ ಕಲಸಿಟ್ಟು ಹೋಗು ಎಂದು ಚಿಕ್ಕ ಯಜಮಾನರು ಹೇಳಿದ್ದರಂತೆ. ಕೇಳಿ ನನ್ನ ಮೈಯೆಲ್ಲ ಉರಿಯಿತು. ಅವಳು ಮಾತ್ರ ಕಲಸುತ್ತಲೇ ಇದ್ದಳು.

ಮತ್ತೊಂದು ಚೂರು ಬಲದ ತಟ್ಟೆಯಿಂದ ತೆಗೆದುಕೊಂಡೆ. ನಿಧಾನವಾಗಿ ಅಗಿದೆ. ಬಿಳಿ ಮೆಣಸು ಇದೆ, ಸಾಸಿವೆ ಇದೆ, ಬೆಳ್ಳುಳ್ಳಿ ಇದೆ, ಒಣಶುಂಠಿ ಇದೆ. ಏನೋ ಒಂದು ಇಲ್ಲ. ಏನದು?

ಸೋಂಪು.

ಕುಳಿತಲ್ಲಿಂದ ಎದ್ದೇಬಿಟ್ಟೆ. ಬೆಳಿಗ್ಗೆ ಚಿಕ್ಕ ಯಜಮಾನರು ನನ್ನನ್ನು ಮಹಡಿಗೆ ಕರೆದುಕೊಂಡು ಹೋಗಿ, ತಿಜೋರಿಯ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ್ದರು. ಈ ಅಂಗಡಿ ಕಟ್ಟಿ ತೀರಿಕೊಂಡ ಅವರ ತಂದೆಯ ಕೈಬರಹ. ಒಂಬತ್ತು ಸಾಮಾನು. ಮೂರನೆಯ ಸಾಲಿನಲ್ಲಿ ಸೋಂಪು, ಕಾಲು ಕಿಲೋ. ನಾಳೆ ಆ ಕಾಗದ ಒಂದು ದೊಡ್ಡ ಕಂಪನಿಗೆ ಮಾರಾಟವಾಗುವುದಿತ್ತು. ಗುಟ್ಟು ಸೋರಿದ್ದು ಕಳ್ಳತನದಿಂದ ಎಂದು ಠಾಣೆಯಲ್ಲಿ ದಾಖಲಾದರೆ ಮಾತ್ರ ಕಂಪನಿಯವರು ಒಪ್ಪುತ್ತಾರಂತೆ.

ತಿಜೋರಿ ಇರುವುದು ಚಿಕ್ಕ ಯಜಮಾನರ ತಾಯಿಯ ಕೋಣೆಯಲ್ಲಿ. ಎಲ್ಲರೂ ಅಮ್ಮಾವ್ರು ಎಂದು ಕರೆಯುವ ಆ ಹಿರಿಯಾಕೆ ಕಳೆದ ವರ್ಷ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮೆಟ್ಟಿಲು ಇಳಿದಿಲ್ಲ. ಬೆಳಿಗ್ಗೆ ಅವರು ಕಿಟಕಿಯ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿ ಕಿತ್ತಳೆ ಸಿಪ್ಪೆ ಒಣಗಿಸುತ್ತಿದ್ದರು. ಬಟ್ಟೆಗೆ ಹುಳ ಹಿಡಿಯದ ಹಾಗೆ ಬೀರುವಿನಲ್ಲಿಡಲು ಎಂದರು. ನಾನು ಹೂಂಗುಟ್ಟಿ ಕಾಗದದ ಕಡೆ ತಿರುಗಿದ್ದೆ.

ಈಗ ಲೆಕ್ಕ ಸರಳವಾಗಿ ಕಂಡಿತು. ಎದುರಂಗಡಿಯವರು ಕಾಗದ ಕದ್ದು ಮಾಡಿದ್ದರೆ ಸೋಂಪು ಇರಲೇಬೇಕಿತ್ತು. ಇಲ್ಲ. ಅಂದರೆ ಕಾಗದ ಕಳುವಾಗಿಲ್ಲ. ಖುಷಿಯಲ್ಲಿ ಎಡದ ತಟ್ಟೆಯ ತುಂಡನ್ನೂ ಕಚ್ಚಿದೆ, ಸೋಂಪಿದ್ದರೆ ಹೇಗಿರುತ್ತದೆ ಎಂದು ಖಾತ್ರಿ ಮಾಡಿಕೊಳ್ಳಲು.

ಅದರಲ್ಲೂ ಎಳ್ಳಷ್ಟೂ ಸೋಂಪಿಲ್ಲ.

"ಪುಡಿಯಕ್ಕ, ಸಾಮಾನಿನ ಚೀಟಿ ನೋಡಿದ್ದೆ, ವಾರಕ್ಕೊಂದು ಮೂಟೆ ಸೋಂಪು ಬರುತ್ತಲ್ಲ, ಅದೆಲ್ಲಿ ಹೋಗುತ್ತೆ?"

ಅವಳು ಜರಡಿ ಕೆಳಗಿಟ್ಟು ಬಾಗಿಲ ಕಡೆ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಬನ್ನಿ ಎಂಬಂತೆ ತಲೆಯಾಡಿಸಿದಳು.

ಹಿಂಬಾಗಿಲಾಚೆ ಪಾತ್ರೆ ತೊಳೆದ ನೀರು ಹೋಗುವ ಮೋರಿ. ಅದರ ಉದ್ದಕ್ಕೂ, ಗೋಡೆಯ ಬಿರುಕಿನಲ್ಲಿ, ಒಡೆದ ಸಿಮೆಂಟಿನ ಸಂದಿಯಲ್ಲಿ, ಸೊಂಟದೆತ್ತರ ಹಸಿರು ಗಿಡ. ನೂಲಿನಂಥ ಎಲೆ, ಹಳದಿ ಹೂವು. ಒಂದೆಲೆ ಕಿತ್ತು ಮೂಸಿದೆ. ಸೋಂಪು. ಯಾರೂ ಬಿತ್ತದೆ, ಚೆಲ್ಲಿದ್ದೇ ಬೆಳೆದು ನಿಂತಿತ್ತು.

ಹಿರಿಯ ಯಜಮಾನರ ಯುಕ್ತಿಯನ್ನು ಅವಳು ಅಲ್ಲೇ ತಗ್ಗಿದ ದನಿಯಲ್ಲಿ ಹೇಳಿದಳು. ಸಾಮಾನಿನ ಅಂಗಡಿಯವನು ಚೀಟಿ ನೋಡಿ ಗುಟ್ಟು ಊಹಿಸಬಾರದೆಂದು ಬೇಡದ ಸೋಂಪನ್ನೂ ತರಿಸುವುದು, ಹಿಂದುಗಡೆ ಚೆಲ್ಲುವುದು. ತಿಜೋರಿಯ ಕಾಗದದಲ್ಲೂ ಅದನ್ನೇ ಬರೆದಿದ್ದರು, ತಿಜೋರಿ ಒಡೆದವನೂ ಮೋಸಹೋಗಲಿ ಎಂದು. ಮಗನಿಗೆ ಹೇಳಬೇಕೆಂದಿದ್ದರಂತೆ. ಅಷ್ಟರಲ್ಲಿ ಎದೆ ನೋವು ಬಂತು, ಮೂರೇ ದಿನಕ್ಕೆ ಹೋಗಿಬಿಟ್ಟರು.

"ಹಾಗಾದ್ರೆ ಚಿಕ್ಕ ಯಜಮಾನರು ನಾಳೆ ಮಾರ್ತಿರೋದು..."

"ತಪ್ಪು ಕಾಗದ ಸಾರ್. ಹೇಳೋಕೆ ಎರಡು ಸಲ ಹೋದೆ. ನಿನ್ನ ಕೆಲಸ ನೋಡ್ಕೋ ಅಂದ್ರು."

ನಗು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೆ ಉಳಿದರ್ಧ ಹೊಳೆದಿತ್ತು. ಸೋಂಪು ಬೇಡವೆಂಬುದು ಗೊತ್ತಿರುವವಳು ಈ ಅಂಗಡಿಯಲ್ಲಿ ಪುಡಿಯಕ್ಕ ಒಬ್ಬಳೇ. ಎದುರಂಗಡಿಯ ಕೋಳಿಯಲ್ಲಿ ಸೋಂಪಿಲ್ಲ. ಅವಳನ್ನು ಬಿಡಿಸಲು ನಾನು ಹುಡುಕಿದ ಸುಳಿವು ಅವಳ ಕೊರಳಿಗೇ ಬಿಗಿಯುತ್ತಿತ್ತು. ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ ಎಂದು ಬೈದುಕೊಂಡು ಒಳಗೆ ಬಂದೆ.

ಎರಡೂ ಮುಕ್ಕಾಲು. ಕೂರಲಾಗಲಿಲ್ಲ. ಡಬ್ಬದಿಂದ ಬಾಗಿಲಿಗೆ, ಬಾಗಿಲಿಂದ ಡಬ್ಬಕ್ಕೆ ಓಡಾಡಿದೆ. ಹೊರಗೆ ಬಾಣಲೆಯಲ್ಲಿ ಎಣ್ಣೆ ಸದ್ದು ಮಾಡುತ್ತಿತ್ತು, ಗಿರಾಕಿಗಳ ಗಲಾಟೆ ಕೇಳುತ್ತಿತ್ತು. ಬೇರೆ ದಾರಿ ಕಾಣದೆ ಮತ್ತೆ ಬಲದ ತಟ್ಟೆಗೇ ಕೈ ಹಾಕಿದೆ. ತುಂಡು ತಣ್ಣಗಾಗಿತ್ತು. ಬಿಸಿಯಲ್ಲಿ ಅಡಗಿದ್ದ ರುಚಿ ತಣಿದ ಮೇಲೆ ಮೇಲೇಳುತ್ತದೆ. ಲ್ಯಾಬಿನಲ್ಲಿ ನಾವು ಎಲ್ಲವನ್ನೂ ತಣಿಸಿಯೇ ತಿನ್ನುತ್ತಿದ್ದೆವು. ಇಷ್ಟು ವರ್ಷದ ಅನುಭವವಿದ್ದೂ ಅವಸರದಲ್ಲಿ ಮರೆತಿದ್ದೆ.

ನಾಲಿಗೆಯ ಹಿಂಬದಿಯಲ್ಲಿ ಒಂದು ಸಣ್ಣ ಕಹಿ. ಅದರ ಬೆನ್ನಿಗೆ ಪರಿಮಳ. ಎಡದ ತಟ್ಟೆಯದರಲ್ಲಿ ಅದು ಇಲ್ಲವೇ ಇಲ್ಲ.

"ಕಿತ್ತಳೆ ಸಿಪ್ಪೆ" ಎಂದೆ. "ಒಣಗಿಸಿ ಪುಡಿ ಮಾಡಿದ್ದು. ಎದುರಂಗಡಿಯದರಲ್ಲಿದೆ, ನಿಮ್ಮದರಲ್ಲಿಲ್ಲ. ನೋಡಿದ್ರಾ ಪುಡಿಯಕ್ಕ, ನೀವು ಹೇಳಿಕೊಟ್ಟಿದ್ದಾಗಿದ್ರೆ ಇದು ಎಲ್ಲಿಂದ ಬರಬೇಕು?"

ಬೆಳಿಗ್ಗೆಯಿಂದ ನಿಲ್ಲದ ಆ ಕೈ ಹಿಟ್ಟಿನೊಳಗೆ ನಿಂತಿತು.

"ಇರ್ಲಿಕ್ಕಿಲ್ಲ ಸಾರ್. ನಿಮಗೆ ಹಾಗೆ ಅನಿಸಿರ್ಬೇಕು."

ಅವಳು ನನಗೆ ಹೇಳಿದ ಮೊದಲ ಸುಳ್ಳು ಅದು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ ಕಿವಿಯವರೆಗೂ ಕೆಂಪಾಯಿತು. ಎಷ್ಟು ಕೇಳಿದರೂ ಬಾಯಿಗೆ ಬೀಗ ಹಾಕಿಕೊಂಡಳು. ಕಡೆಗೆ, ನೀವು ಮನೆಗೆ ಹೋಗಿ ಸಾರ್, ಹೊಟ್ಟೆ ಕೆಡಿಸ್ಕೋಬೇಡಿ ಎಂದು ನನ್ನ ಲೋಟ ತೊಳೆಯಲು ಎದ್ದಳು.

ಮನೆಗೆ ಹೋಗಲಿಲ್ಲ. ರಸ್ತೆ ದಾಟಿದೆ.

ಎದುರಂಗಡಿಯಲ್ಲಿ ನಾಲ್ಕೇ ಮೇಜು. ಒಡತಿಗೆ ಮೂವತ್ತರ ಆಸುಪಾಸು. ಎಣ್ಣೆ ಸೋಸುತ್ತ ನನ್ನ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟಳು, ಆದರೆ ಮಸಾಲೆ ಎಲ್ಲಿಂದ ಬಂತೆಂಬುದಕ್ಕೆ ಮಾತ್ರ ನಕ್ಕು ಸುಮ್ಮನಾದಳು. ನಾನು ಅವಳ ಕೈ ನೋಡುತ್ತಿದ್ದೆ. ಮಸಾಲೆಯನ್ನು ಅವಳು ಚಮಚದಲ್ಲಿ ಅಳೆಯುತ್ತಿರಲಿಲ್ಲ. ಕೆಮ್ಮಿನ ಔಷಧಿಯ ಬಾಟಲಿಯ ಜೊತೆ ಬರುವ, ಗೆರೆ ಎಳೆದ ಪುಟ್ಟ ಪ್ಲಾಸ್ಟಿಕ್ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಅಳೆಯುತ್ತಿದ್ದಳು. ಎದೆಯ ಮೇಲೆ ಪಿನ್ನು ಚುಚ್ಚಿ ತಲೆಕೆಳಗಾಗಿ ತೂಗುಹಾಕಿದ ಗಡಿಯಾರ ಬೇರೆ.

ಎಷ್ಟು ವರ್ಷ ನರ್ಸ್ ಆಗಿದ್ದಿರಿ ಎಂದು ಕೇಳಿದೆ. ಆಸ್ಪತ್ರೆಯಲ್ಲಿ ಏಳು ವರ್ಷ, ಆಮೇಲೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಎಂದಳು. ಕಡೆಯ ರೋಗಿ ಯಾರು ಎಂದೆ.

"ರೋಗಿ ವಿಷಯ ಹೊರಗೆ ಹೇಳೋ ಹಾಗಿಲ್ಲ ಸಾರ್. ಅದೊಂದು ಕೇಳ್ಬೇಡಿ."

"ಸರಿ ಬಿಡಮ್ಮ. ಅವರ ಸೊಂಟ ಈಗ ಹೇಗಿದೆಯಂತೆ?"

ಸೋಸುವ ಬಟ್ಟೆ ಅವಳ ಕೈಯಿಂದ ಜಾರಿತು. ನನಗೆ ಬೇರೆ ಉತ್ತರ ಬೇಕಿರಲಿಲ್ಲ. ನಾಲ್ಕು ಗಂಟೆಗೆ ಪುಡಿಯಕ್ಕನನ್ನು ಕರೆದೊಯ್ಯುತ್ತಾರೆಂದು ತಿಳಿಸಿದಾಗ ಅವಳ ಮುಖ ಸಪ್ಪಗಾಯಿತು. ನಾನು ಅಲ್ಲಿ ನಿಲ್ಲಲಿಲ್ಲ.

ಮೂರೂವರೆಗೆ ನಾನು ಮಹಡಿಯ ಬಾಗಿಲಲ್ಲಿದ್ದೆ. ಹದಿಮೂರು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ ಏದುಸಿರು ಬರುತ್ತಿತ್ತು. ಅಮ್ಮಾವ್ರು ಅದೇ ಕಿಟಕಿಯ ಪಕ್ಕ ಕುಳಿತು ಕಿತ್ತಳೆ ಸುಲಿಯುತ್ತಿದ್ದರು. ಸಿಪ್ಪೆಯ ಒಳಗಿನ ಬಿಳಿಯನ್ನು ಉಗುರಿನಿಂದ ನಯವಾಗಿ ಕೆರೆದು ತೆಗೆದು, ಹೊರಮೈಯನ್ನಷ್ಟೇ ಪೇಪರಿನ ಮೇಲೆ ಹರಡುತ್ತಿದ್ದರು. ಬಟ್ಟೆಯ ಹುಳಕ್ಕೆ ಇಷ್ಟು ಉಪಚಾರ ಯಾರೂ ಮಾಡುವುದಿಲ್ಲ.

"ಅಮ್ಮಾವ್ರೇ, ಬಿಳಿ ಯಾಕೆ ಕೆರೀತೀರಿ?"

"ಬಿಟ್ರೆ ಎಣ್ಣೇಲಿ ಕಪ್ಪಾಗುತ್ತಪ್ಪ." ಹೇಳಿದ ಮೇಲೆ ಅವರ ಬೆರಳು ನಿಂತಿತು. ನನ್ನನ್ನು ದಿಟ್ಟಿಸಿದರು. "ಜಾಣ ಇದ್ದೀಯ. ಕೂತ್ಕೋ."

ಕೂರಲಿಲ್ಲ. ಗೋಡೆಯ ಮೇಲೆ ಹಿರಿಯ ಯಜಮಾನರ ದೊಡ್ಡ ಫೋಟೋ. ಕೈಯಲ್ಲಿ ಕರಿಯುವ ಜಾಲರಿ, ಕೆಳಗೆ ಒಂದು ಸಾಲು: ನಲವತ್ಮೂರು ಸಲ ಸೋತು ನಲವತ್ನಾಲ್ಕನೆಯ ಸಲ ಗೆದ್ದ ರುಚಿ. ಇದೇ ಸಾಲು ಕೆಳಗಿನ ಗಲ್ಲಾದ ಹಿಂದೆಯೂ ಇದೆ, ಪೊಟ್ಟಣಗಳ ಮೇಲೂ ಇದೆ.

ಅವರ ಕಣ್ಣು ನನ್ನ ಕಣ್ಣನ್ನು ಹಿಂಬಾಲಿಸಿತು.

"ನಾನು ಒಂದೇ ಸಲಕ್ಕೆ ಮಾಡಿದ್ದೆ" ಎಂದರು.

ಆಮೇಲೆ ಹೇಳಿದ್ದನ್ನು ಅವರು ಕಿತ್ತಳೆ ಸುಲಿಯುತ್ತಲೇ ಹೇಳಿದರು. ಮದುವೆಗೆ ಮುಂಚೆ ಅವರು ಒಂದು ಮುದ್ರಣಾಲಯದ ಕೆಲಸಗಾರರ ಊಟದ ಮನೆಯಲ್ಲಿ ಅಡುಗೆಯವರಾಗಿದ್ದರು. ದಿನಕ್ಕೆ ನಲವತ್ತು ಜನರ ಊಟ. ಸೀಸದ ಅಚ್ಚು ಮುಟ್ಟುವವರಿಗೆ ಒಳ್ಳೆಯದೆಂದು ಯಾರೋ ನಂಬಿ ಬುಟ್ಟಿಗಟ್ಟಲೆ ಕಿತ್ತಳೆ ಕಳಿಸುತ್ತಿದ್ದರು. ಸಿಪ್ಪೆ ಎಸೆಯಲು ಮನಸ್ಸಾಗದೆ ಒಣಗಿಸಿ ಮಸಾಲೆಗೆ ಹಾಕಿದರು. ಆ ಕೋಳಿಯ ರುಚಿಗೆ ಬಿದ್ದು ದಿನವೂ ಊಟಕ್ಕೆ ಬರುತ್ತಿದ್ದ ಅಚ್ಚು ಜೋಡಿಸುವವನೇ ಮುಂದೆ ಗಂಡನಾದ, ಆಮೇಲೆ ಈ ಅಂಗಡಿಯ ಯಜಮಾನನಾದ.

ನಲವತ್ಮೂರು ಸಲದ ಕಥೆಯನ್ನು ಹಿರಿಯ ಯಜಮಾನರು ಮೊದಲು ಹೇಳಿದ್ದು ಪತ್ರಿಕೆಯವನೊಬ್ಬನ ಮುಂದೆ, ತಮಾಷೆಗೆ. ಅಚ್ಚಾಗಿ ಬಂತು. ಮತ್ತೆ ಮತ್ತೆ ಹೇಳಬೇಕಾಯಿತು. ಹತ್ತನೆಯ ಸಲ ಹೇಳುವ ಹೊತ್ತಿಗೆ ಅವರೇ ಅದನ್ನು ನಂಬಿಬಿಟ್ಟಿದ್ದರು.

"ಕೆಟ್ಟೋರಲ್ಲ ಅವರು. ಆದ್ರೆ ಸಿಪ್ಪೆ ಕೆರೆಯೋದು ಅವರ ಕೈಗೆ ಹತ್ತಲಿಲ್ಲ. ಅಂಗಡಿ ಇಟ್ಟು ಆರು ತಿಂಗಳಾದ ಮೇಲೆ ಸಿಪ್ಪೇನೇ ಬೇಡ ಅಂದ್ರು. ನಾನಿಲ್ದೆ ನಡೀಬೇಕಿತ್ತಲ್ಲ ಅಂಗಡಿ. ಸಿಪ್ಪೆ ಬಿಟ್ಟ ದಿನಾನೇ ನನ್ನನ್ನೂ ಅಡುಗೆಮನೆಯಿಂದ ಮೇಲಕ್ಕೆ ಕಳಿಸಿದ್ರು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮೂವತ್ತು ವರ್ಷ ಈ ಹೆಂಗಸು ತನ್ನದೇ ಅಡುಗೆಯ ವಾಸನೆಯನ್ನು ಮಹಡಿಯ ಮೇಲೆ ಕೂತು ಕುಡಿದಿದ್ದರು.

ಮಹಡಿಗೆ ಹೋಗುವ ಮೊದಲು ಅವರು ಕೈ ಹಿಡಿದು ಕಲಸಲು ಕಲಿಸಿದ್ದು ಪುಡಿಯಕ್ಕನಿಗೆ. ಯಾರಿಗೂ ಹೇಳಬೇಡ, ಯಜಮಾನರ ಮರ್ಯಾದೆ ಪ್ರಶ್ನೆ ಎಂದು ಆಣೆ ಹಾಕಿಸಿಕೊಂಡಿದ್ದರು. ಅವಳು ಇವತ್ತಿನವರೆಗೂ ಹೇಳಿರಲಿಲ್ಲ. ಕಿತ್ತಳೆ ಸಿಪ್ಪೆ ಎಂದಾಗ ಅವಳ ಕೈ ಯಾಕೆ ನಿಂತಿತೆಂದು ನನಗೆ ಈಗ ಅರ್ಥವಾಯಿತು.

"ನರ್ಸಮ್ಮನಿಗೆ ಯಾಕೆ ಕೊಟ್ರಿ?"

"ನಲವತ್ತು ದಿನ ನನ್ನ ಮೈ ತೊಳೆದಳು. ಒಂದು ದಿನ ತಲೆ ಬಾಚ್ತಾ, ಮದುವೆಗೆ ಮುಂಚೆ ಏನು ಮಾಡ್ತಿದ್ರಿ ಅಮ್ಮ ಅಂತ ಕೇಳಿದಳು. ಈ ಮನೇಲಿ ಅದನ್ನ ಯಾರೂ ಕೇಳಿರ್ಲಿಲ್ಲ." ಅವರು ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟರು. "ನನ್ನದನ್ನ ನಾನು ಕೊಟ್ಟೆ. ಕದ್ದಿದ್ದೇನು ಬಂತು ಇದ್ರಲ್ಲಿ?"

"ಕದ್ದವಳು ಅಂತ ಪುಡಿಯಕ್ಕನ್ನ ಈಗ ಠಾಣೆಗೆ ಕರ್ಕೊಂಡು ಹೋಗ್ತಿದ್ದಾರೆ."

ಅವರಿಗೆ ಗೊತ್ತಿರಲಿಲ್ಲ. ಅದು ಅವರ ಮುಖದಲ್ಲೇ ಕಂಡಿತು. ಕಂಪನಿಯವರು ಬರುತ್ತಾರೆ, ಸಹಿ ಇದೆ, ನೀವು ಮೇಲೇ ಇರಿ ಎಂದಷ್ಟೇ ಮಗ ಹೇಳಿದ್ದನಂತೆ. ಅವರು ಕೋಲಿಗಾಗಿ ತಡಕಾಡಿದರು. ಕೋಲು ಕೊಟ್ಟೆ. ಅದನ್ನು ಪಕ್ಕಕ್ಕೆ ಸರಿಸಿ ನನ್ನ ತೋಳು ಹಿಡಿದರು.

"ಇಳಿಸು ನನ್ನ."

ನಾಲ್ಕಕ್ಕೆ ಹತ್ತು ನಿಮಿಷ. ಹದಿಮೂರು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಅವರು ನಿಂತು, ತುಟಿ ಕಚ್ಚಿ, ಮುಂದಿನ ಕಾಲು ಇಡುತ್ತಿದ್ದರು. ಎತ್ತಿಕೊಂಡು ಓಡಿಬಿಡೋಣವೇ ಎನ್ನಿಸುತ್ತಿತ್ತು ನನಗೆ. ಐದನೆಯದರಲ್ಲಿ ಹೊರಗೆ ಜೀಪು ನಿಂತ ಸದ್ದು ಕೇಳಿತು. ಏಳನೆಯದರಲ್ಲಿ ಕುರ್ಚಿ ಎಳೆದ ಸದ್ದು. ಒಂಬತ್ತನೆಯದರಲ್ಲಿ ಅಂಗಡಿಯ ಗಲಾಟೆ ಪೂರಾ ನಿಂತುಹೋಯಿತು.

ಹತ್ತನೆಯದರಿಂದ ಎಲ್ಲ ಕಾಣುತ್ತಿತ್ತು. ಠಾಣೆಯಿಂದ ಬಂದ ನಡುವಯಸ್ಸಿನ ಮಹಿಳಾ ಅಧಿಕಾರಿ ಮೇಜಿನ ಮುಂದೆ ಕುಳಿತಿದ್ದರು. ಪಕ್ಕದಲ್ಲಿ ಚಿಕ್ಕ ಯಜಮಾನರು. ಐವತ್ತು ತುಂಬಿದರೂ ಈ ಅಂಗಡಿಯಲ್ಲಿ ಅವರು ಚಿಕ್ಕವರೇ. ಇವತ್ತು ಮಾತ್ರ ಇಸ್ತ್ರಿ ಮಾಡಿದ ಅಂಗಿಯಲ್ಲಿ ಎದೆ ಸೆಟೆಸಿ ನಿಂತಿದ್ದರು. ಎದುರಿಗೆ ಪುಡಿಯಕ್ಕ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ಅವಳ ಮುಂದಿನ ಹಾಳೆಯ ಮೇಲೆ ಹಿಟ್ಟಿನ ಬೆರಳ ಗುರುತು.

ಅಧಿಕಾರಿ ಹಾಳೆ ಎತ್ತಿ ಓದಿದರು. "ತಿಜೋರಿಯ ಕಾಗದವನ್ನು ನಾನೇ ನೋಡಿ ಬರೆದುಕೊಂಡೆ. ಎದುರಂಗಡಿಗೆ ನಾನೇ ಕೊಟ್ಟೆ. ಬೇರೆ ಯಾರಿಗೂ ಇದರಲ್ಲಿ ಸಂಬಂಧವಿಲ್ಲ."

ನಾನು ರಸ್ತೆ ದಾಟಿದ ಹೊತ್ತಿನಲ್ಲಿ ಅವಳು ಕುಳಿತು ಇದನ್ನು ಯೋಚಿಸಿದ್ದಳು. ಕಿತ್ತಳೆ ಸಿಪ್ಪೆಯ ಜಾಡು ಹಿಡಿದು ನಾನು ಎಲ್ಲಿಗೆ ಹೋಗುತ್ತೇನೆಂದು ಅವಳಿಗೆ ಗೊತ್ತಿತ್ತು. ನನಗಿಂತ ಮೊದಲು ಬಾಗಿಲು ಹಾಕಿಬಿಟ್ಟಿದ್ದಳು.

ಪುಡಿಯಕ್ಕ ತಲೆಯೆತ್ತಿದಳು. ಮೆಟ್ಟಿಲ ಮೇಲೆ ಅಮ್ಮಾವ್ರನ್ನು ಕಂಡು ಎದ್ದು ನಿಂತಳು. ಬೇಡ ಎಂದು ಒಂದೇ ಸಲ ತಲೆಯಾಡಿಸಿದಳು.

ಅಮ್ಮಾವ್ರು ನನ್ನ ತೋಳು ಬಿಟ್ಟು, ಗೋಡೆ ಹಿಡಿದು, ಉಳಿದ ಮೂರು ಮೆಟ್ಟಿಲನ್ನು ತಾವೇ ಇಳಿದರು.

"ಅದು ನನ್ನ ಪುಡಿ" ಎಂದರು. "ಮಾಡಿದೋಳೂ ನಾನೇ, ಕೊಟ್ಟೋಳೂ ನಾನೇ. ಇವಳು ನನ್ನ ಉಳಿಸೋಕೆ ಸುಳ್ಳು ಬರೆದಿದ್ದಾಳೆ."

ಚಿಕ್ಕ ಯಜಮಾನರು ಬೆಚ್ಚಿಬೀಳುತ್ತಾರೆ ಎಂದು ಕಾದೆ. ಬೀಳಲಿಲ್ಲ. ಸಾವಕಾಶವಾಗಿ ಬಂದು ತಾಯಿಯ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಒಳಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದು ಅಧಿಕಾರಿಯ ಮುಂದಿಟ್ಟರು.

"ಡಾಕ್ಟರ್ ಸರ್ಟಿಫಿಕೇಟ್ ಮೇಡಂ. ಅಮ್ಮನಿಗೆ ಮರೆವು. ಇಲ್ಲದ್ದೆಲ್ಲ ಇದೆ ಅಂದ್ಕೊಂಡು ಮಾತಾಡ್ತಾರೆ. ಬೇಜಾರು ಮಾಡ್ಕೋಬೇಡಿ."

ಅಧಿಕಾರಿ ಓದಿ, ಅಮ್ಮಾವ್ರ ಕಡೆ ಕನಿಕರದಿಂದ ನೋಡಿ, ಕಾಗದವನ್ನು ಪುಡಿಯಕ್ಕನ ಹಾಳೆಯ ಜೊತೆ ಸೇರಿಸಿ ಪಿನ್ನು ಹಾಕಿದರು. ಹಾಕುವ ಮುನ್ನ ನಾನು ಬಗ್ಗಿ ಒಂದನ್ನಷ್ಟೇ ನೋಡಿಕೊಂಡೆ, ತಾರೀಕು. ಎದುರಂಗಡಿ ಬಾಗಿಲು ತೆರೆದ ಮಾರನೆಯ ದಿನದ್ದು.

ಕೊಟ್ಟವರು ತಾಯಿಯೇ ಎಂದು ಮೂರು ವಾರದಿಂದ ಮಗನಿಗೆ ಗೊತ್ತಿತ್ತು.

ಅಮ್ಮಾವ್ರೂ ಆ ತಾರೀಕು ಓದಿದ್ದರು. ಮಗನ ಮುಖವನ್ನು ಬಹಳ ಹೊತ್ತು ನೋಡಿದರು. ಅಧಿಕಾರಿ ಎದ್ದು, ಹೋಗೋಣವಾ ಎಂದರು. ಪುಡಿಯಕ್ಕ ಏಪ್ರನ್ನು ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟು, ನಾಳೆಯ ಪುಡಿ ಎಡಗಡೆ ಬೋಗುಣಿಯಲ್ಲಿದೆ ಎಂದು ಯಾರಿಗೆಂದಿಲ್ಲದೆ ಹೇಳಿ, ಜೀಪಿನ ಕಡೆ ನಡೆದಳು.